ದುಡ್ಡಿಗೆ ಪದದ ಲೆಕ್ಕ, ಬೈಯೋಕೆ ಸೆಗ್ಮೆಂಟ್ ಲೆಕ್ಕ

ನಾವು ಅನುವಾದ ಮಾಡೋ ಟೂಲ್‌ನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಹಸಿರು ಪಟ್ಟಿ ಇರುತ್ತೆ. ಒಂದೊಂದು ಸಾಲು (ಟೂಲಿನ ಭಾಷೇಲಿ ಸೆಗ್ಮೆಂಟ್) ಮುಗಿಸಿ ಕಂಟ್ರೋಲ್ ಎಂಟರ್ ಒತ್ತಿದಂತೆಲ್ಲ ಹಸಿರು ಬಲಕ್ಕೆ ಸರಿಯುತ್ತೆ, ತುದೀಲಿ ಪರ್ಸೆಂಟ್ ಬೀಳುತ್ತೆ. ನಮಗೆ ಕೆಲಸ ಕೊಡೋ ಬೆಂಗಳೂರಿನ ಏಜೆನ್ಸಿಯ ಪಿಎಂ, ಅಂದರೆ ಪ್ರಾಜೆಕ್ಟ್ ಮ್ಯಾನೇಜರ್, ಹೊತ್ತೊತ್ತಿಗೆ ನೋಡೋದು ಇದೊಂದನ್ನೇ. ಅನುವಾದ ಓದಿದ ರೈತನಿಗೆ ಅರ್ಥ ಆಗುತ್ತಾ, ಗ್ಲಾಸರಿ (ಕೊಟ್ಟ ಪದಪಟ್ಟಿ) ಪಾಲಿಸಿದ್ದೀರಾ ಅಂತ ಅವರಿಂದ ಫೋನ್ ಬಂದಿದ್ದು ನನಗೆ ನೆನಪಿಲ್ಲ. "ಬಾರ್ ಯಾಕ್ರೀ ಮುಂದಕ್ಕೆ ಹೋಗ್ತಿಲ್ಲ?" ಅನ್ನೋ ಫೋನ್ ಮಾತ್ರ ತಪ್ಪಿದ್ದಿಲ್ಲ.

ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಎರಡು ಕೋಣೆಯೇ ನಮ್ಮ ಆಫೀಸು. ಆವತ್ತು ಕೈಯಲ್ಲಿದ್ದದ್ದು ಬೋರ್‌ವೆಲ್ ಮೋಟಾರಿನ ಪ್ಯಾನೆಲ್ ಬೋರ್ಡಿನ ಮ್ಯಾನ್ಯುಯಲ್, ಜೊತೆಗೆ ಮೊಬೈಲ್‌ನಿಂದಲೇ ಮೋಟಾರ್ ಆನ್ ಆಫ್ ಮಾಡೋ ಆ್ಯಪ್‌ನ ಸ್ಟ್ರಿಂಗ್‌ಗಳು, ಅಂದರೆ ಪರದೆ ಮೇಲೆ ಕಾಣೋ ಬಟನ್, ಮೆಸೇಜಿನ ಮಾತುಗಳು. ಎರಡನ್ನೂ ಒಂದೇ ಪ್ರಾಜೆಕ್ಟಿಗೆ ಸುರಿದಿದ್ದರು. ಹರಿಹರದಿಂದ ಬರೋ ಮೇಡಂ ಒಬ್ಬರು, ಜಗಳೂರಿನ ಹುಡುಗ ಒಬ್ಬ, ಇಬ್ಬರಿಗೂ ಅರ್ಧರ್ಧ. ನಾನು ರಿವ್ಯೂ, ಮೇಲೆ ಏಜೆನ್ಸಿಯವರ ಕೈಲಿ ಬೈಸಿಕೊಳ್ಳೋದು. ಶನಿವಾರ ಸಂಜೆ 6ಕ್ಕೆ ಡೆಲಿವರಿ.

ಶುಕ್ರವಾರ ಊಟದ ಹೊತ್ತಿಗೆ ಫೋನ್. "ಜಗಳೂರಿನವರದು 78 ಆಗಿದೆ, ಆ ಮೇಡಂದು ಇನ್ನೂ 31ರಲ್ಲೇ ಇದೆ. ಅವರ ಸಾಲುಗಳನ್ನ ಇವರಿಗೆ ಹಾಕಿಬಿಡಿ, ಕ್ಲೈಂಟ್ ಎದುರು ನನಗೆ ಮುಖ ತೋರಿಸೋಕಾಗಲ್ಲ." ನಾನು ಮೇಡಂ ಸೀಟಿನ ಹತ್ತಿರ ಹೋಗಿ ನಿಂತೆ. "ನಂದು ಮುಗೀತಾ ಬಂತು ಸರ್" ಅಂದರು, ಪರದೆಯಿಂದ ಕಣ್ಣು ತೆಗೀದೆ. 31 ಪರ್ಸೆಂಟ್ ಇಟ್ಟುಕೊಂಡು ಮುಗೀತಾ ಬಂತು ಅನ್ನೋರನ್ನ ನಾನು ಬಹಳ ನೋಡಿದ್ದೀನಿ. ಮೊದಲೇ ಅವರು ಒಂದು ಸಾಲಿಗೆ ಬಹಳ ಹೊತ್ತು ತಗೋತಾರೆ ಅನ್ನೋ ಅಭಿಪ್ರಾಯ ನನ್ನ ತಲೇಲಿತ್ತು. ಹುಡುಗನ ಪಟ್ಟಿ ಬೆಳಗಿಂದ ಸರಸರ ಓಡಿದ್ದನ್ನ ಕಣ್ಣಾರೆ ಕಂಡಿದ್ದೆ. ಪಿಎಂಗೆ ಸರಿ ಅಂದೆ. ಮೇಡಂ ಫೈಲಿನ ಕೊನೆಯ ಮೂರರಲ್ಲಿ ಒಂದು ಭಾಗ ಹುಡುಗನ ಹೆಸರಿಗೆ ಹೋಯ್ತು. "ಉಳಿದಿದ್ದು ಇವತ್ತೇ ಮುಗಿಸಿಬಿಡ್ರಿ, ನಾಳೆ ನೀವು ಬರೋದೇ ಬೇಡ" ಅಂತ ಅವರಿಗೆ ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸಂಜೆ ತಮ್ಮ ಪಾಲು ಮುಗಿಸಿ ಬ್ಯಾಗ್ ತಗೊಂಡು ಹರಿಹರದ ಬಸ್ ಹಿಡಿದರು.

ಶನಿವಾರ ಮಧ್ಯಾಹ್ನ ಹುಡುಗನ ಪಟ್ಟಿ 91ಕ್ಕೆ ಬಂದು ನಿಂತುಬಿಡ್ತು. 4 ಗಂಟೆಗೂ 91, ನಾಲ್ಕೂವರೆಗೂ 91. ಸರ್ವರ್ ಸಿಕ್ಕಿಕೊಂಡಿದೆ ಅಂದುಕೊಂಡು ಪೇಜ್ ರಿಫ್ರೆಶ್ ಮಾಡಿದೆ, ರೌಟರ್ ಆಫ್ ಮಾಡಿ ಆನ್ ಮಾಡಿದೆ. ಹುಡುಗ ಮಾತ್ರ ಕುತ್ತಿಗೆ ಮೇಲೆತ್ತದೆ ಟೈಪ್ ಮಾಡ್ತಿದ್ದಾನೆ. "ಏನಪಾ, ನಿದ್ದೆ ಬಂತಾ?" ಅಂದೆ. "ಇಲ್ಲಣ್ಣ, ಈಗ ಬರ್ತಿರೋದೆಲ್ಲ ಬರೀ ವಾರ್ನಿಂಗ್" ಅಂದ. ಹಿಂದೆ ನಿಂತು ಅವನ ಪರದೆ ನೋಡಿದೆ. ಫೈಲನ್ನ ಮೂಲ ವಾಕ್ಯದ ಉದ್ದದ ಪ್ರಕಾರ ಜೋಡಿಸಿಕೊಂಡಿದ್ದ, ಚಿಕ್ಕದು ಮೇಲೆ, ದೊಡ್ಡದು ಕೆಳಗೆ. ಮೇಲಿನದೆಲ್ಲ ಹಸಿರು: ಸರಿ, ರದ್ದುಮಾಡಿ, ಹಿಂದೆ, ಓವರ್‌ಲೋಡ್, ಡ್ರೈ ರನ್, 415 ವಿ. ಬರೀ ಅಂಕಿ ಇರೋ ಸಾಲನ್ನೂ ಕಂಟ್ರೋಲ್ ಎಂಟರ್ ಒತ್ತಿ ದಾಟಿದ್ದ. "ಸರಿ" ಬಟನ್ ಆ್ಯಪ್ ತುಂಬ ಇತ್ತು. ಒಂದು ಕಡೆ ಒತ್ತಿದರೆ ಉಳಿದ ಕಡೆಯೆಲ್ಲ ಟೂಲ್ ತಾನೇ ತುಂಬಿಕೊಂಡು ಅದನ್ನೂ ಇವನ ಲೆಕ್ಕಕ್ಕೆ ಸೇರಿಸಿತ್ತು.

ಆಗ ಅವನ ಕೈಯಲ್ಲಿದ್ದ ಸಾಲು ಹೀಗಿತ್ತು: ಪ್ಯಾನೆಲ್ ಬಾಗಿಲು ತೆಗೆಯೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಮೂರೂ ಫೇಸಿನಲ್ಲಿ ಕರೆಂಟ್ ಇಲ್ಲ ಅಂತ ಟೆಸ್ಟರ್ ಹಿಡಿದು ನೋಡಿ, ಕೆಪಾಸಿಟರ್‌ನಲ್ಲಿ ಉಳಿದಿರೋ ಚಾರ್ಜ್ ಪೂರ್ತಿ ಇಳಿಯೋವರೆಗೂ ಕಾಯಿರಿ, ಅರ್ಥಿಂಗ್ ತಂತಿ ಬಿಗಿಯಾಗಿದೆಯೇ ನೋಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಇಂಗ್ಲಿಷಿನಲ್ಲಿ ಇಷ್ಟುದ್ದಕ್ಕೂ ಎಲ್ಲೂ ಪೂರ್ಣವಿರಾಮ ಇಲ್ಲ, ಸೆಮಿಕೋಲನ್ ಮೇಲೆ ಸೆಮಿಕೋಲನ್. ಟೂಲ್ ಸಾಲು ಕತ್ತರಿಸೋದು ಪೂರ್ಣವಿರಾಮ ಕಂಡಲ್ಲಿ. ಹಾಗಾಗಿ ಇದೂ ಒಂದು ಸೆಗ್ಮೆಂಟ್, "ಸರಿ"ಯೂ ಒಂದು ಸೆಗ್ಮೆಂಟ್, ಪಟ್ಟಿಯಲ್ಲಿ ಎರಡಕ್ಕೂ ಒಂದೇ ಬೆಲೆ. ಇಲ್ಲಿನ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಎಣಿಸಿ ಯಾರಾದರೂ ದುಡ್ಡು ಕೊಡ್ತಾರಾ? ತೂಕ ಹಾಕ್ತಾರೆ.

ಹುಡುಗ ಮೋಸ ಮಾಡಿರಲಿಲ್ಲ. ಚಿಕ್ಕದನ್ನ ಮೊದಲು ಮುಗಿಸಿದರೆ ಪದಗಳು ಕೈಗೆ ಹತ್ತುತ್ತವೆ, ಆಮೇಲೆ ದೊಡ್ಡದು ಸಲೀಸು ಅನ್ನೋದು ಅವನ ಪದ್ಧತಿ. ಮೇಡಂದು ಉಲ್ಟಾ: ತಲೆ ಚುರುಕಾಗಿದ್ದಾಗ ವಾರ್ನಿಂಗ್ ಮುಗಿಸಿ, ಕೊನೆಗೆ ಬಟನ್‌ಗಳು. ಎರಡೂ ಸರಿಯಾದ ಪದ್ಧತಿಯೇ.

ಮೇಲ್ ತೆಗೆದೆ. ಟೂಲ್ ದಿನಾ ಬೆಳಗ್ಗೆ ಕಳಿಸೋ ರಿಪೋರ್ಟನ್ನ ನಾನು ಯಾವತ್ತೂ ಬಿಚ್ಚಿ ನೋಡಿದವನಲ್ಲ. ಶುಕ್ರವಾರದ್ದನ್ನ ಬಿಚ್ಚಿದೆ. ಸೆಗ್ಮೆಂಟ್ ಅನ್ನೋ ಕಾಲಮ್ಮಿನ ಪಕ್ಕದಲ್ಲೇ ಪದ ಅಂತ ಇನ್ನೊಂದು ಕಾಲಮ್. ಪದದ ಲೆಕ್ಕದಲ್ಲಿ ಮೇಡಂದು 69, ಹುಡುಗಂದು 34. ಪರದೆಯ ಮೇಲಿನ ಪಟ್ಟಿಯ ಮೂಲೆಯಲ್ಲೂ ಸಾಸಿವೆ ಕಾಳಿನಷ್ಟು ಒಂದು ಬಾಣ ಇತ್ತು. ಒತ್ತಿದರೆ ಸೆಗ್ಮೆಂಟ್, ಪದ, ಅಕ್ಷರ ಅಂತ ಮೂರು ಆಯ್ಕೆ. ಪದ ಅಂತ ಆರಿಸಿದೆ. 91 ಇದ್ದದ್ದು ನನ್ನ ಕಣ್ಣೆದುರೇ 58 ಆಯ್ತು.

ಐದೂಕಾಲಿಗೆ ಹರಿಹರಕ್ಕೆ ಫೋನ್ ಹಚ್ಚಿದೆ. ಹಿಂದೆ ಕುಕ್ಕರ್ ಕೂಗ್ತಿತ್ತು. ವಿಷಯ ಹೇಳೋಕೆ ನನಗೆ ನಾಲಿಗೆ ಏಳಲಿಲ್ಲ, ಅವರೇ ಕೇಳಿದರು: "ವಾರ್ನಿಂಗ್ ಉಳಿದಾವಾ ಸರ್?" ಮನೇಲಿಂದಲೇ ಲಾಗಿನ್ ಆಗ್ತೀನಿ ಅಂದರು. ಆದರೆ ಆ ಫೈಲ್ ಅವರಿಗೆ ತೆರೆಯೋದೇ ಇಲ್ಲ, ಶುಕ್ರವಾರ ಹೆಸರು ಬದಲಾಯಿಸಿದಾಗಲೇ ಪರ್ಮಿಷನ್ ಹೋಗಿತ್ತು. ವಾಪಸ್ ಕೊಡೋ ಅಧಿಕಾರ ಪಿಎಂಗೆ ಮಾತ್ರ. ಪಿಎಂ ಫೋನ್ ರಿಂಗ್ ಆಗುತ್ತೆ, ಎತ್ತಲ್ಲ. ದಿನವಿಡೀ ಪರ್ಸೆಂಟ್ ಕೇಳೋ ಫೋನ್ ಶನಿವಾರ ಸಂಜೆ ಮಲಗಿಬಿಟ್ಟಿತ್ತು. ಕೊನೆಗೆ ಉಳಿದ ಸಾಲುಗಳನ್ನ ಎಕ್ಸೆಲ್‌ಗೆ ಇಳಿಸಿ ಮೇಡಂಗೆ ವಾಟ್ಸಾಪ್ ಮಾಡಿದೆ. ಅವರು ಕೆಳಗಿಂದ ಮೇಲಕ್ಕೆ ಬಂದರು, ಹುಡುಗ ಮೇಲಿಂದ ಕೆಳಕ್ಕೆ. ಬಂದಂತೆಲ್ಲ ನಾನು ಒಂದೊಂದೇ ಸಾಲು ಟೂಲ್‌ಗೆ ಅಂಟಿಸಿ ಓದ್ತಾ ಹೋದೆ. ಡೆಲಿವರಿ ಆದಾಗ ರಾತ್ರಿ ಒಂಬತ್ತೂವರೆ. ಕ್ಲೈಂಟ್ ಕಡೆಯವರು ಫೈಲ್ ತೆರೆದದ್ದು ಸೋಮವಾರ ಮಧ್ಯಾಹ್ನ, ಅದು ಬೇರೆ ಮಾತು.

ಇದನ್ನ ಹೊಸ ಸಮಸ್ಯೆ ಅನ್ನೋ ಹಾಗೂ ಇಲ್ಲ. ಪುಕ್ಕಟೆ ಸಿಗೋ ಒಮೇಗಾಟಿ ಅನ್ನೋ ಅನುವಾದದ ಟೂಲನ್ನೇ ತಗೊಳ್ರಿ. ಕೆಳಗಿನ ಮೂಲೆಯಲ್ಲಿ ಈ ಫೈಲಿನದು ಬೇರೆ, ಇಡೀ ಪ್ರಾಜೆಕ್ಟಿನದು ಬೇರೆ ಅಂತ ಅಂಕಿ ತೋರಿಸುತ್ತೆ. ಪ್ರಾಜೆಕ್ಟಿನ ಲೆಕ್ಕದಲ್ಲಿ ಮತ್ತೆ ಮತ್ತೆ ಬರೋ ಸಾಲನ್ನ ಒಂದೇ ಸಲ ಎಣಿಸುತ್ತೆ. ಪದ ಎಷ್ಟು ಬಾಕಿ ಅನ್ನೋದು ಬೇರೆ ಪಟ್ಟಿಯಲ್ಲಿ ಸಿಗುತ್ತೆ. ಟ್ರಾಡೋಸ್ ಸ್ಟುಡಿಯೋ ಅನ್ನೋ ಇನ್ನೊಂದು ಟೂಲ್‌ನಲ್ಲಿ ಒಂದು ಸಾಲಿಗೆ ಏಳು ಸ್ಥಿತಿ, ನಾಟ್ ಟ್ರಾನ್ಸ್‌ಲೇಟೆಡ್‌ನಿಂದ ಸೈನ್ಡ್ ಆಫ್‌ವರೆಗೆ. ಅನುವಾದದ ಫೈಲಿಗೆ ಅಂತಲೇ ಇರೋ ಮಾದರಿ, 2014ರ ಎಕ್ಸ್‌ಲಿಫ್ 2.0ದಲ್ಲಿ ನಾಲ್ಕು. ಪಿಒ ಅನ್ನೋ ಇನ್ನೊಂದು ಬಗೆಯ ಅನುವಾದದ ಫೈಲಿನಲ್ಲಿ ಫಜ್ಜಿ (ಇನ್ನೂ ನೋಡಬೇಕು) ಅಂತ ಗುರುತು ಬಿದ್ದ ಸಾಲಿನಲ್ಲಿ ಕನ್ನಡ ಇದ್ದರೂ ಅದು ಆದ ಕೆಲಸದ ಲೆಕ್ಕಕ್ಕೆ ಬರಲ್ಲ, ಹಾಗೇ ಬಿಟ್ಟರೆ ಆ್ಯಪ್‌ನಲ್ಲಿ ಇಂಗ್ಲಿಷೇ ಕಾಣುತ್ತೆ. ಪದ ಎಣಿಸೋಕೆ ಅಂತಲೇ ಜಿಎಂಎಕ್ಸ್-ವಿ ಅನ್ನೋ ಮಾನದಂಡ 2007ರಲ್ಲಿ ಬಂತು. ಅದನ್ನ ತಂದ, ಈ ಉದ್ಯಮದ ಮಾನದಂಡ ಮಾಡ್ತಿದ್ದ ಲೀಸಾ ಸಂಸ್ಥೆಯೇ 2011ರಲ್ಲಿ ಬಾಗಿಲು ಹಾಕಿತು. ಇವತ್ತಿಗೂ ಒಂದೇ ಫೈಲಿಗೆ ಎರಡು ಟೂಲ್ ಎರಡು ಲೆಕ್ಕ ಕೊಡ್ತವೆ.

ನನ್ನ ಸಿಟ್ಟು ಟೂಲ್ ಮೇಲೆ ಅಷ್ಟಿಲ್ಲ. ಬಿಲ್ ಮಾಡುವಾಗ ಇದೇ ಏಜೆನ್ಸಿಯವರು ಪದ ಎಣಿಸ್ತಾರೆ, ಅದೂ ಸುಮ್ಮನೆ ಅಲ್ಲ. ಮತ್ತೆ ಬಂದ ಸಾಲಿಗೆ (ರಿಪಿಟಿಷನ್) ಇಷ್ಟು, ಹಳೇ ಅನುವಾದಕ್ಕೆ ಪೂರ್ತಿ ಹೊಂದೋ ನೂರು ಪರ್ಸೆಂಟ್ ಮ್ಯಾಚಿಗೆ ಇಷ್ಟು, ಅರೆಬರೆ ಹೊಂದೋ ಫಜ್ಜಿ ಮ್ಯಾಚಿಗೆ ಇಷ್ಟು ಅಂತ ಪೈಸೆ ಪೈಸೆ ಕಡಿದು ವೆಯ್ಟೆಡ್ ಲೆಕ್ಕ ಹಾಕ್ತಾರೆ. "ಸರಿ" ಬಟನ್ ಎರಡನೇ ಸಲ ಬಂದಾಗ ಅದಕ್ಕೆ ದುಡ್ಡು ಸಿಗೋದೇ ಕಷ್ಟ. ಬೈಯುವಾಗ ಮಾತ್ರ ಅದೇ "ಸರಿ" ವಾರ್ನಿಂಗಿಗೆ ಸಮ. ಪಿಎಂಗೆ ಹೀಗಂತ ಬರೆದೆ, ರಿಪೋರ್ಟನ್ನೂ ಲಗತ್ತಿಸಿದೆ. "ನೋಟೆಡ್" ಅಂತ ಉತ್ತರ ಬಂತು. ಈಗ ಹೊಸ ಪ್ರಾಜೆಕ್ಟ್ ಬಂದ ತಕ್ಷಣ ನಾನು ಮೊದಲು ಆ ಬಾಣ ಒತ್ತಿ ಪದಕ್ಕೆ ಬದಲಾಯಿಸ್ತೀನಿ. ಅದು ನನ್ನ ಪರದೆಯಲ್ಲಿ ಮಾತ್ರ ಬದಲಾಗುತ್ತೆ. ಪಿಎಂ ಪರದೆಯಲ್ಲಿ ಈಗಲೂ ಸೆಗ್ಮೆಂಟೇ.

ಇನ್ನೊಂದು ತಲೆನೋವು ತಿಂಗಳ ಕೊನೆಗೆ ಬಂತು. ಶುಕ್ರವಾರ ಸಾಲುಗಳನ್ನ ಎತ್ತಿ ಹಾಕಿದಾಗ ಮೇಡಂ ಆಗಲೇ ಮುಗಿಸಿದ್ದ ವಾರ್ನಿಂಗ್‌ಗಳೂ ಹುಡುಗನ ಹೆಸರಿಗೆ ಹೋಗಿದ್ದವು. ಶನಿವಾರ ಹರಿಹರದಿಂದ ಬಂದದ್ದನ್ನ ಅಂಟಿಸಿದ್ದು ನಾನಾದ್ದರಿಂದ ಅದು ನನ್ನ ಹೆಸರಿಗೆ. ಬಿಲ್ ನೋಡಿ ಹುಡುಗನೇ ಬಂದು, "ಅಣ್ಣ, ಇಷ್ಟು ನಾನು ಮಾಡಿಲ್ಲ, ಮೇಡಂದು ಅವರಿಗೇ ಹಾಕ್ರಿ" ಅಂದ. ಸಾಲು ಸಾಲು ಗುರುತು ಹಾಕಿ ತಿದ್ದುಪಡಿ ಕಳಿಸಿದ್ದೀನಿ. ಅಕೌಂಟ್ಸ್‌ನವರು ಸಿಸ್ಟಮ್‌ನಲ್ಲಿ ಇರೋದೇ ಫೈನಲ್ ಅಂತಿದ್ದಾರೆ. ಸೋಮವಾರ ಮತ್ತೆ ಫೋನ್ ಹಚ್ಚಬೇಕು.