ಹಸಿರು ಹಾಳೆ, ಸವೆದ ಟಯರ್: ದಾರ ಕಟ್ಟಿ ಅಲೈನ್‌ಮೆಂಟ್ ನೋಡಿದ ಟಿಪ್ಪಣಿಗಳು

61,240 ಕಿ.ಮೀ.

ಕಾರು ಇಷ್ಟು ಓಡಿತ್ತು. ಹೊರಗಿನಿಂದ ನೋಡಿದರೆ ಟಯರ್ ಚೆನ್ನಾಗಿಯೇ ಇತ್ತು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಬಗ್ಗಿ ಒಳಮಗ್ಗುಲಿಗೆ ಕಣ್ಣು ಹಾಯಿಸಿದಾಗ ಎದೆ ಧಸಕ್ಕೆಂದಿತು. ಎಡ ಮುಂದಿನ ಚಕ್ರದಲ್ಲಿ ಬಟನ್ (ಟಯರ್ ಮೈಮೇಲಿನ ರಬ್ಬರ್ ಗಟ್ಟೆಗಳು) ಆಳ ಹೊರ ಅಂಚಿಗೆ 5.2 ಮಿ.ಮೀ., ನಡುವೆ 5, ಒಳ ಅಂಚಿಗೆ ಬರೀ 2.1. ಸವೆತದ ಗುರುತು ಇರುವುದೇ 1.6ಕ್ಕೆ. ಮುಕ್ಕಾಲು ಟಯರ್ ಗಟ್ಟಿಯಾಗಿರುವಾಗ ಒಂದು ಅಂಚಿಗೋಸ್ಕರ ಪೂರ್ತಿ ಟಯರ್ ಎಸೆಯಬೇಕು. ಕಳೆದ ಎಂಟು ತಿಂಗಳಲ್ಲಿ ಎರಡು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡಿಸಿದ್ದೆ. ಎರಡೂ ಸಲ ಕೈಗೆ ಬಂದ ಹಾಳೆಯಲ್ಲಿ ಅಂಕೆಗಳೆಲ್ಲ ಹಸಿರು, ಅಂದರೆ ಮಿತಿಯೊಳಗೆ. ಹಾಗಿದ್ದೂ ಹೀಗೇಕಾಯಿತು ಎಂದು ಈ ಸಲ ನಾನೇ ಅಳೆದು ತಿಳಿಯಬೇಕೆಂದು ಹೊರಟಿದ್ದೇನೆ.

ಮೊದಲ ಪರೀಕ್ಷೆ ಕೈಯಿಂದ. ತೆಳು ಕೈಗವಸು ಹಾಕಿಕೊಂಡು (ಸವೆದ ಅಂಚಿನಲ್ಲಿ ತಂತಿ ಎದ್ದಿರಬಹುದು) ಬಟನ್ ಮೇಲೆ ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು. ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲು. ಇದು ಟೋ ತಪ್ಪಿದ ಗುರುತು, ಅದರಲ್ಲೂ ಟೋ-ಔಟ್‌ನದು. ಕ್ಯಾಂಬರ್ ಮಾತ್ರ ತಪ್ಪಿದ್ದರೂ ಒಂದು ಅಂಚು ಸವೆಯುತ್ತದೆ, ಆದರೆ ಹೀಗೆ ಹಲ್ಲು ಮೂಡುವುದಿಲ್ಲ.

ಈ ಹೆಸರುಗಳು ಗೊಂದಲ ಎನಿಸಿದರೆ ನಿಂತು ನಿಮ್ಮ ಪಾದಗಳನ್ನೇ ನೋಡಿಕೊಳ್ಳಿ. ಹೆಬ್ಬೆರಳುಗಳು ಒಂದರತ್ತ ಒಂದು ತಿರುಗಿದ್ದರೆ ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್. ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಕೈ ಬಿಟ್ಟರೂ ಸೈಕಲ್ ನೇರ ಓಡಲು ಅದರ ಫೋರ್ಕಿನ ಓರೆಯೂ ನೆರವಾಗುತ್ತದಲ್ಲ, ಕಾರಿನಲ್ಲಿ ಆ ಓರೆಯೇ ಕ್ಯಾಸ್ಟರ್. ಕ್ಯಾಸ್ಟರ್ ಸ್ಟೀರಿಂಗಿನ ಗುಣ ನಿರ್ಧರಿಸುತ್ತದೆ, ಟಯರನ್ನು ಅಷ್ಟಾಗಿ ತಿನ್ನುವುದಿಲ್ಲ. ಟಯರ್ ತಿನ್ನುವುದರಲ್ಲಿ ಮೊದಲ ಸಾಲಿನಲ್ಲಿರುವುದು ಟೋ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಅದು ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮವಿಲ್ಲದ) ತೊಂದರೆ, ಅಲೈನ್‌ಮೆಂಟಿನದಲ್ಲ.

61,240 ಕಿ.ಮೀ., ಮರುದಿನ

ಗಾಳಿ ಸರಿಮಾಡಿ, ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎರಡೂ ಬದಿಗೆ ದಾರ ಕಟ್ಟಿದೆ. ಹಬ್‌ನ (ಚಕ್ರದ ನಟ್ಟನಡುವಿನ ಭಾಗ) ಎತ್ತರಕ್ಕೆ, ಬಿಗಿಯಾಗಿ. ಇಡೀ ಕೆಲಸದ ಜೀವಾಳ ಇದೇ: ಎರಡು ದಾರಗಳ ನಡುವಿನ ಅಂತರ ಗಾಡಿಯ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಜೊತೆಗೆ ಮುಂದಿನ ಎರಡು ಹಬ್‌ಗಳಿಂದ ದಾರಕ್ಕೆ ಸಮ ದೂರ, ಹಿಂದಿನ ಎರಡು ಹಬ್‌ಗಳಿಂದಲೂ ಸಮ ದೂರ ಬರಬೇಕು. ಮುಂದಿನ ಚಕ್ರಗಳ ನಡುವಿನ ಅಗಲವೂ ಹಿಂದಿನದೂ ಒಂದೇ ಇರಬೇಕಾಗಿಲ್ಲ, ಆದ್ದರಿಂದ ಮುಂದಿನ ಅಂಕೆ ಹಿಂದಿನದಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಈ ಹೊಂದಾಣಿಕೆಗೆ ಒಂದೂವರೆ ತಾಸು ಹೋಯಿತು. ಅವಸರ ಮಾಡಿದ್ದರೆ ಮುಂದಿನ ಅಳತೆಯೆಲ್ಲ ನೀರಿನಲ್ಲಿ ಹೋಮ.

ಆಮೇಲೆ ಸ್ಟೀರಿಂಗನ್ನು ನೇರಕ್ಕೆ ಕಟ್ಟಿ, ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆದೆ. ಎಡಗಡೆ ಮುಂದಿನ ಅಂಚು ದಾರಕ್ಕೆ 4 ಮಿ.ಮೀ. ಹತ್ತಿರ. ಬಲಗಡೆ 2. ಒಟ್ಟು 6 ಮಿ.ಮೀ. ಟೋ-ಔಟ್. ನನ್ನ ಗಾಡಿಯ ಸರ್ವಿಸ್ ಪುಸ್ತಕ ಹೇಳುವುದು ಸೊನ್ನೆ, ಹೆಚ್ಚೆಂದರೆ ಆಚೀಚೆ 2. ನೇರ ರಸ್ತೆಯಲ್ಲಿ ಸ್ಟೀರಿಂಗ್ ಎರಡು ಡಿಗ್ರಿಯಷ್ಟು ಬಲಕ್ಕೆ ವಾಲಿಕೊಂಡಿರುತ್ತಿದ್ದುದೂ ಇದರಿಂದಲೇ: ಎಡ 4, ಬಲ 2 ಇದ್ದಾಗ ಗಾಡಿ ನೇರ ಓಡಲು ಎರಡೂ ಚಕ್ರ ಮೂರು ಮೂರಕ್ಕೆ ಬಂದು ನಿಲ್ಲುತ್ತವೆ, ಆ ವ್ಯತ್ಯಾಸ ಸ್ಟೀರಿಂಗಿನಲ್ಲಿ ಕಾಣುತ್ತದೆ.

ಮೂರು ಮಿಲಿಮೀಟರ್ ಯಾವ ಲೆಕ್ಕ ಅನಿಸಬಹುದು. ನನಗೂ ಹಾಗೇ ಅನಿಸಿತ್ತು, ಲೆಕ್ಕ ಹಾಕುವವರೆಗೆ. 15 ಇಂಚಿನ ರಿಮ್ ಎಂದರೂ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ನನ್ನದು 415 ಮಿ.ಮೀ. (ಆ 15 ಇಂಚು ಟಯರ್ ಕೂರುವ ಜಾಗದ ವ್ಯಾಸ). 3ನ್ನು 415ರಿಂದ ಭಾಗಿಸಿದರೆ 0.0072. ಅಂದರೆ ಪ್ರತಿ ಕಿಲೋಮೀಟರಿಗೆ ಚಕ್ರ ಸುಮಾರು 7.2 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದೆ. ನೂರು ಕಿಲೋಮೀಟರ್ ಓಡಿದರೆ ಮುಕ್ಕಾಲು ಕಿಲೋಮೀಟರಿನಷ್ಟು ಬರೀ ಉಜ್ಜಾಟ.

61,240 ಕಿ.ಮೀ., ಅದೇ ಸಂಜೆ

ಇದನ್ನು ಬೇರೆಯಾಗಿಯೇ ಬರೆದಿಡುತ್ತೇನೆ, ಇಡೀ ಕೆಲಸದಲ್ಲಿ ನನಗೆ ಸಿಕ್ಕ ನಿಜವಾದ ಉತ್ತರ ಇದು. ಖಚಿತಪಡಿಸಿಕೊಳ್ಳಲು ಗಾಡಿಯನ್ನು ನಾಲ್ಕು ಮೀಟರ್ ಹಿಂದಕ್ಕೆ ತಳ್ಳಿ, ಮತ್ತೆ ಮುಂದಕ್ಕೆ ತಳ್ಳಿ ಅಳೆದೆ. ಎಡಗಡೆ ಅದೇ 4. ಈ ಸಲ ಮುಂದಕ್ಕೆ ಒಯ್ದು, ಹಿಂದಕ್ಕೆ ತಳ್ಳಿ ನಿಲ್ಲಿಸಿ ಅಳೆದೆ. 1! ದಾರ ಸರಿದಿದೆಯೇ ಎಂದು ಎಲ್ಲವನ್ನೂ ಮತ್ತೆ ನೋಡಿದೆ. ಸರಿದಿಲ್ಲ. ಬಲಗಡೆ ಹೇಗೆ ತಳ್ಳಿದರೂ 2 ಬದಲಾಗಲಿಲ್ಲ.

ಚಕ್ರ ಯಾವ ಕಡೆಯಿಂದ ಉರುಳಿ ಬಂತು ಎನ್ನುವುದರ ಮೇಲೆ ಟೋ ಬದಲಾಗುತ್ತಿದೆ ಎಂದರೆ ಒಳಗೆ ಎಲ್ಲೋ ಪ್ಲೇ, ಅಂದರೆ ಸಡಿಲು, ಇದೆ. ನಿಂತ ಗಾಡಿಯ ಕೋನ ಒಂದು, ಓಡುವ ಗಾಡಿಯ ಕೋನ ಇನ್ನೊಂದು. ಅಲೈನ್‌ಮೆಂಟ್ ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಕ್ಷಣದಲ್ಲಿ ಚಕ್ರ ಎಲ್ಲಿ ಕೂತಿತ್ತೋ ಅದನ್ನೇ ಅಳೆದು ಹಸಿರು ತೋರಿಸಿತ್ತು.

ಜ್ಯಾಕ್ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬೇಡಿ) ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿದೆ. ಕಟ್ ಕಟ್ ಸದ್ದು: ಟೈ ರಾಡ್ ಎಂಡ್ (ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಕೀಲು). 12 ಮತ್ತು 6ರಲ್ಲಿ ಹಿಡಿದಾಗ ಅಲುಗಾಟವಿಲ್ಲ, ಹಾಗಾಗಿ ಬೇರಿಂಗ್, ಬಾಲ್ ಜಾಯಿಂಟ್ ಗಟ್ಟಿ. ಲೋಯರ್ ಆರ್ಮ್‌ಗೆ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಸನ್ನೆಕೋಲು ಕೊಟ್ಟು ಮೀಟಿದಾಗ, ಅದು ಗಾಡಿಗೆ ಕೂಡುವಲ್ಲಿರುವ ಹಿಂದಿನ ಬುಷ್‌ನ ರಬ್ಬರ್ ಅರ್ಧ ಸುತ್ತು ಸೀಳಿರುವುದು ಕಾಣಿಸಿತು. ಬ್ರೇಕ್ ಒತ್ತಿದಾಗಲೆಲ್ಲ ಆ ಆರ್ಮ್ ಹಿಂದಕ್ಕೆ ಜಗ್ಗುತ್ತಿತ್ತು. ಬ್ರೇಕಿನಲ್ಲಿ ಗಾಡಿ ಎಡಕ್ಕೆ ಎಳೆದಂತಾಗುತ್ತಿದ್ದುದನ್ನು ಇಷ್ಟು ದಿನ ರಸ್ತೆಯ ಇಳಿಜಾರಿನ ತಲೆಗೆ ಕಟ್ಟಿದ್ದೆ.

61,252 ಕಿ.ಮೀ.

ಎರಡೂ ಬದಿಯ ಬುಷ್, ಎಡಗಡೆಯ ಟೈ ರಾಡ್ ಎಂಡ್ ಬದಲಾದವು. ಮುಂದಿನ ಎರಡೂ ಟಯರ್ ಹೊಸವು, ಬಟನ್ 7.9. ಬುಷ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಗಾಡಿಯ ಭಾರ ಚಕ್ರದ ಮೇಲೆ ಕೂತ ನಂತರ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮತ್ತೆ ದಾರ. ಎಡ 3, ಬಲ 2 ಟೋ-ಔಟ್. ಮುಂದಕ್ಕೆ ತಳ್ಳಿದರೂ ಹಿಂದಕ್ಕೆ ತಳ್ಳಿದರೂ ಅಷ್ಟೇ! ಈ ಸಮಾಧಾನಕ್ಕೆ ಕಾದಿದ್ದೆ. ಈಗ ತಿರುಗಿಸಿದರೆ ಅರ್ಥವಿದೆ.

ನನ್ನ ಟೈ ರಾಡ್‌ನ ತಿರುಪು ಒಂದು ಸುತ್ತಿಗೆ 1.5 ಮಿ.ಮೀ. ಸರಿಯುತ್ತದೆ, ಸ್ಟೀರಿಂಗ್ ಆರ್ಮ್ (ಟೈ ರಾಡ್ ದೂಡಿ ಚಕ್ರ ತಿರುಗಿಸುವ ತೋಳು) ಸುಮಾರು 130 ಮಿ.ಮೀ. ಲೆಕ್ಕದಂತೆ ಒಂದು ಸುತ್ತಿಗೆ ರಿಮ್ ಬಳಿ 4.8 ಮಿ.ಮೀ. ಬದಲಾವಣೆ. ಟೈ ರಾಡ್ ಆಕ್ಸಲ್‌ನ ಹಿಂದಿರುವುದರಿಂದ ಉದ್ದ ಮಾಡಿದರೆ ಚಕ್ರದ ಮುಂಭಾಗ ಒಳಕ್ಕೆ ಬರುತ್ತದೆ, ಮುಂದಿದ್ದಿದ್ದರೆ ಇದು ತಿರುಗುಮುರುಗು. ಎಡಕ್ಕೆ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು, ಬಲಕ್ಕೆ ಅರ್ಧಕ್ಕಿಂತ ಕೊಂಚ ಕಡಿಮೆ. ತಿರುಗಿಸುವ ಮೊದಲು ರಬ್ಬರ್ ಬೂಟಿನ ಕ್ಲಿಪ್ ಸಡಿಲಿಸಿದೆ, ಇಲ್ಲದಿದ್ದರೆ ಅದೂ ಜೊತೆಗೆ ತಿರುಚಿಕೊಂಡು ಹರಿಯುತ್ತದೆ. ಚಕ್ರಗಳ ಕೆಳಗೆ ಎರಡೆರಡು ಪ್ಲಾಸ್ಟಿಕ್ ಹಾಳೆ, ಹಾಳೆಗಳ ನಡುವೆ ಗ್ರೀಸ್. ನೆಲ ಹಿಡಿದುಕೊಂಡರೆ ಅಳತೆ ಮೋಸ ಮಾಡುತ್ತದೆ. ಕೊನೆಗೆ ಲಾಕ್ ನಟ್, ಪುಸ್ತಕ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆ).

ಎಡ 0, ಬಲ 0.5.

61,270 ಕಿ.ಮೀ.

ದಾರದ ಕೆಲಸವನ್ನು ಯಂತ್ರದಲ್ಲಿ ತಾಳೆ ನೋಡಿಸಿದೆ. ಟೋ ಹೊಂದಿತು. ಕ್ಯಾಂಬರ್ ಮೈನಸ್ 0°40′ (ಮೈನಸ್ ಎಂದರೆ ಚಕ್ರದ ತಲೆ ಒಳಕ್ಕೆ), ಎರಡೂ ಬದಿ ಸಮ. ನನ್ನ ಗಾಡಿಯಲ್ಲಿ ಮುಂದಿನ ಕ್ಯಾಂಬರ್, ಕ್ಯಾಸ್ಟರ್ ಹೊಂದಿಸುವ ವ್ಯವಸ್ಥೆಯೇ ಇಲ್ಲ. ಅವು ಮಿತಿ ಮೀರಿದ್ದರೆ ಏನೋ ಬಾಗಿದೆ ಅಥವಾ ಸವೆದಿದೆ ಎಂದೇ ಅರ್ಥ. ಹಾಳೆ ಓದುವಾಗ ಒಂದು ಎಚ್ಚರ: 0°30′ ಎಂದರೆ ಅರ್ಧ ಡಿಗ್ರಿ, 0.30 ಡಿಗ್ರಿ ಅಲ್ಲ. ಒಂದು ಡಿಗ್ರಿಗೆ 60 ಮಿನಿಟು. ಇದನ್ನು ತಪ್ಪಾಗಿ ಓದಿಕೊಂಡು ಹಳೆಯ ಎರಡು ಹಾಳೆಗಳನ್ನು ಇಷ್ಟು ದಿನ ಹೋಲಿಸುತ್ತಿದ್ದೆ.

64,310 ಕಿ.ಮೀ.

ಎಡ ಮುಂದಿನ ಚಕ್ರ: ಹೊರಗೆ 7.5, ನಡುವೆ 7.4, ಒಳಗೆ 7.4. ಅಂಗೈ ಎತ್ತ ಸವರಿದರೂ ಒಂದೇ ನುಣುಪು. ಸ್ಟೀರಿಂಗ್ ನೇರ. ಬ್ರೇಕಿನ ಎಳೆತ ಹೋಗಿದೆ.

ಬಲಗಡೆಯ ಟೈ ರಾಡ್ ಎಂಡ್ ಮಾತ್ರ ಹಳೆಯದು. ಪ್ಲೇ ಇನ್ನೂ ಬಂದಿಲ್ಲ, ಆದರೆ ಧೂಳುಕವಚದ ಬಳಿ ಗ್ರೀಸ್ ಜಿನುಗತೊಡಗಿದೆ. ಮುಂದಿನ ವಾರ ಅದನ್ನು ಬದಲಿಸಿ ಮತ್ತೆ ದಾರ ಕಟ್ಟುತ್ತೇನೆ.