ಭಾವನ ಅಂಗಡಿಯ ಐದನೇ ಪಾರ್ಟಿಷನ್

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮ್ಮ ಭಾವನ ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ಲಗ್ನಪತ್ರಿಕೆ, ಬಾಡಿಗೆ ಕರಾರು, ಪರೀಕ್ಷೆ ಫಾರ್ಮು, ಪಿಂಚಣಿ ಅರ್ಜಿ ಎಲ್ಲಾ ಅಲ್ಲೇ ಆಗುತ್ತವೆ. ಅಷ್ಟಕ್ಕೂ ಇರುವುದು ಒಂದೇ ಕಂಪ್ಯೂಟರ್. ಆರನೇ ಜನರೇಷನ್ ಇಂಟೆಲ್ ಪ್ರೊಸೆಸರ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇದು ಇಲ್ಲ. ಹೊಸ ಕಂಪ್ಯೂಟರಿಗೆ ಭಾವ ಸದ್ಯಕ್ಕೆ ದುಡ್ಡು ಬಿಚ್ಚುವವರಲ್ಲ. ವಿಂಡೋಸ್ ತೆಗೆದು ಪೂರ್ತಿ ಲಿನಕ್ಸ್ (ಪುಕ್ಕಟೆ ಸಿಗುವ ಇನ್ನೊಂದು ಸಿಸ್ಟಮ್) ಹಾಕೋಣ ಅಂದರೆ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಅಡ್ಡ ಬರುತ್ತದೆ. ವರ್ಷಗಳಿಂದ ಮಾಡಿಟ್ಟ ಪತ್ರಿಕೆಗಳೆಲ್ಲ ನುಡಿಯ ಹಳೇ ಫಾಂಟ್‌ನಲ್ಲಿವೆ, ಎಲ್ಲಾ ಕಡೆ ನಡೆಯುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಮೂಡಿದ ಹಾಗೆ ಕಾಣುತ್ತವೆ.

ಹಾಗಾಗಿ ಎರಡನ್ನೂ ಇಡುವುದು ಅಂತ ಆಯಿತು. ನುಡಿ ಕೆಲಸಕ್ಕೆ ವಿಂಡೋಸ್, ಅದೂ ಇಂಟರ್ನೆಟ್ ತೆಗೆದು. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಹಿಡಿದುಕೊಂಡು ಆನ್‌ಲೈನ್ ಹೋಗುವ ಕೆಲಸಕ್ಕೆ ಲಿನಕ್ಸ್‌ನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್. ಸುಮ್ನೆ ಶೋಕಿಗೆ ಎರಡೆರಡು ಸಿಸ್ಟಮ್ ಹಾಕಿಕೊಳ್ಳುವುದು ನನಗೆ ಅಷ್ಟು ಇಷ್ಟವಿಲ್ಲ. ಇಲ್ಲಿ ಮಾತ್ರ ಕಾರಣ ಇತ್ತು.

ಭಾನುವಾರ ಬೆಳಗ್ಗೆ ಶಟರ್ ಅರ್ಧ ಎಳೆದು ಕೂತೆವು.

"ನುಡಿ ಹೋಗಂಗಿಲ್ಲ ಹೌದಿಲ್ಲೊ? ನಾಳಿಗಿ ಎರಡು ಪತ್ರಿಕಿ ಕೊಡೂದದ" ಅಂದರು ಭಾವ.

"ಸಿ, ಡಿ ಎರಡನ್ನೂ ನಾನು ಮುಟ್ಟಂಗೇ ಇಲ್ಲ ಭಾವ" ಅಂದೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ 465 ಜಿಬಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದು ಹೋಗಲಿ. ತೊಡಕು ಬೇರೆ ಇತ್ತು. ಡಿಸ್ಕನ್ನು ಪಾರ್ಟಿಷನ್‌ಗಳಾಗಿ, ಅಂದರೆ ಭಾಗಗಳಾಗಿ, ಹಂಚಿದ್ದು ಹಳೇ ಎಂಬಿಆರ್ ಪದ್ಧತಿಯಲ್ಲಿ. ಅದರಲ್ಲಿ ಪ್ರೈಮರಿ (ಮುಖ್ಯ) ಪಾರ್ಟಿಷನ್ ನಾಲ್ಕಕ್ಕಿಂತ ಜಾಸ್ತಿ ಮಾಡಲು ಬರುವುದಿಲ್ಲ. ಪಾರ್ಟಿಷನ್‌ಗಳ ಪಟ್ಟಿ ಡಿಸ್ಕಿನ ಮೊದಲ 512 ಬೈಟ್‌ನಲ್ಲಿ ಇರುತ್ತದೆ. ಒಂದೊಂದಕ್ಕೆ 16 ಬೈಟ್‌ನಂತೆ ಅಲ್ಲಿ ನಾಲ್ಕಕ್ಕೇ ಜಾಗ. ಕಂಪ್ಯೂಟರ್ ಜೋಡಿಸಿಕೊಟ್ಟವರು ಆ ನಾಲ್ಕನ್ನೂ ಬಳಸಿಬಿಟ್ಟಿದ್ದರು: ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಇ. ಎಲ್ಲಾ ಪ್ರೈಮರಿ.

ಇಂಥ ಡಿಸ್ಕಿನಲ್ಲಿ ಡಿ ಡ್ರೈವನ್ನು ಕುಗ್ಗಿಸಿ ಜಾಗ ಬಿಡಿಸಿದರೂ ಉಪಯೋಗವಿಲ್ಲ. ಲಿನಕ್ಸ್ ಇನ್‌ಸ್ಟಾಲರ್ ಆ ಜಾಗವನ್ನು ತೋರಿಸುತ್ತದೆ, ಮುಂದೆ 'ಬಳಸಲಾಗದು' ಅಂತಲೂ ಬರೆಯುತ್ತದೆ. ವಿಂಡೋಸ್‌ನಲ್ಲೇ ಐದನೆಯದು ಮಾಡಲು ಹೋದರೆ ಡಿಸ್ಕನ್ನು ಡೈನಾಮಿಕ್ (ವಿಂಡೋಸ್‌ನದೇ ಬೇರೆ ಪದ್ಧತಿ) ಮಾಡಲೇ ಅಂತ ಮರ್ಯಾದೆಯಿಂದ ಕೇಳುತ್ತದೆ. ಅಲ್ಲಿ ಹೂಂ ಅಂದರೆ ಲಿನಕ್ಸ್ ಹಾಕುವ ಆಸೆ ಅಲ್ಲಿಗೇ ಬಿಡಬೇಕು. ಹಿಂದಕ್ಕೆ ಬೇಸಿಕ್, ಅಂದರೆ ಮೊದಲಿನ ಹಾಗೆ, ಮಾಡಬೇಕಾದರೆ ವಿಂಡೋಸ್ ಎಲ್ಲಾ ವಾಲ್ಯೂಮ್‌ಗಳನ್ನೂ ಅಳಿಸು ಅನ್ನುತ್ತದೆ. ನೋ ಒತ್ತಿ ಮುಚ್ಚಿದೆ.

ನನಗೆ ಸರಿ ಕಂಡ ದಾರಿ ಒಂದು. ನಾಲ್ಕರಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಬೇಕು. ಅದರೊಳಗೆ ಲಾಜಿಕಲ್ ಪಾರ್ಟಿಷನ್ ಬೇಕಾದಷ್ಟು ಮಾಡಬಹುದು. ವಿಂಡೋಸ್ ಬೂಟ್ ಆಗಲು ಪ್ರೈಮರಿ ಬೇಕು, ಲಿನಕ್ಸ್‌ಗೆ ಲಾಜಿಕಲ್ ಆದರೂ ನಡೆಯುತ್ತದೆ. ಇ ಡ್ರೈವ್‌ನಲ್ಲಿ ಇದ್ದದ್ದು ಸಿನಿಮಾ, ಅಕ್ಕನ ಮದುವೆ ಫೋಟೋ, ವಿಡಿಯೋ. ಅದನ್ನೇ ಖಾಲಿ ಮಾಡೋಣ ಅಂದೆ.

ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಹಾಕಿದೆವು. ಮುಂದಿನ ಯುಎಸ್‌ಬಿ ಪೋರ್ಟ್ ನಿಧಾನದ್ದು, ಒಗ್ಗರಣೆ ಮಿರ್ಚಿ ತಿಂದು ಚಹಾ ಕುಡಿದರೂ ಮುಗಿಯಲಿಲ್ಲ. ಮುಗಿದ ಮೇಲೆ ಮದುವೆ ಫೋಟೋ ಅಲ್ಲೊಂದು ಇಲ್ಲೊಂದು ತೆರೆದು ನೋಡಿದೆ. ಭಾವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಫೋಟೋ ಫೋಲ್ಡರನ್ನು ಇನ್ನೊಂದು ಪೆನ್‌ಡ್ರೈವ್‌ಗೂ ಹಾಕಿಸಿದರು. "ನಿಮ್ಮಕ್ಕಗ ಯಾರು ಉತ್ತರ ಕೊಡಬೇಕು" ಅಂದರು. ಅದೂ ಸರಿ.

ಆಮೇಲೆ ಇ ಡ್ರೈವ್ ಅಳಿಸಿ ಎಕ್ಸ್‌ಟೆಂಡೆಡ್ ಮಾಡಿದೆ. ಒಳಗೆ ಹೊಸ ಇ ಡ್ರೈವಿಗೆ 120 ಜಿಬಿ, ಉಳಿದದ್ದು ಲಿನಕ್ಸ್‌ಗೆ. ಇದು ಪಟ್ಟಿ ತಿದ್ದುವ ಕೆಲಸ ಅಷ್ಟೇ, ಸೆಕೆಂಡುಗಳಲ್ಲಿ ಆಗುತ್ತದೆ. ಡಿ ಡ್ರೈವಿನ ಆರಂಭವನ್ನೇ ಪಕ್ಕಕ್ಕೆ ಸರಿಸುವ ಕೆಲಸವಾಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಆಗ ಒಳಗಿನ ಡೇಟಾ ಎಲ್ಲಾ ಗಂಟೆಗಟ್ಟಲೆ ಜಾಗ ಬದಲಿಸುತ್ತಾ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅಂಗಡಿಯ ಯುಪಿಎಸ್ ಹತ್ತು ನಿಮಿಷ ತಡೆದರೆ ಹೆಚ್ಚು.

ಮಿಂಟ್ ಹಾಕುವುದು ಸಲೀಸಾಗಿ ಆಯಿತು. 'ಸಮ್‌ಥಿಂಗ್ ಎಲ್ಸ್' ಆರಿಸಿ ಖಾಲಿ ಜಾಗ ತೋರಿಸಿದೆ. ಲಿನಕ್ಸ್ ಲಾಜಿಕಲ್ ಪಾರ್ಟಿಷನ್‌ಗಳಿಗೆ ಐದರಿಂದಲೇ ಅಂಕಿ ಕೊಡುತ್ತದೆ, ಮೊದಲ ನಾಲ್ಕು ಪ್ರೈಮರಿ, ಎಕ್ಸ್‌ಟೆಂಡೆಡ್‌ಗೆ ಮೀಸಲು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಮೊದಲೇ ಆಫ್ ಮಾಡಿದ್ದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಆಗ ಲಿನಕ್ಸ್‌ನಿಂದ ಡಿ ಡ್ರೈವಿಗೆ ಫೈಲ್ ಸೇವ್ ಮಾಡಲು ಬರುವುದಿಲ್ಲ.

ಮರುದಿನ ಭಾವನ ಫೋನು. "ಏನಪಾ, ಹನ್ನೊಂದು ಹೊಡದದ, ನಿನ್ನ ಕಂಪ್ಯೂಟರ್ ಐದೂವರೆ ಅಂತದ!"

ಇದು ಎಲ್ಲರಿಗೂ ಆಗುವುದೇ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯ ಬರೆಯುತ್ತದೆ, ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಬರೆಯುತ್ತದೆ. ಎರಡಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಇಂಟರ್ನೆಟ್ ಬೇರೆ ತೆಗೆದಿದ್ದೆವಲ್ಲ, ತಿದ್ದಿಕೊಳ್ಳಲು ವಿಂಡೋಸ್‌ಗೆ ದಾರಿಯೇ ಇರಲಿಲ್ಲ. ಸಂಜೆ ಹೋಗಿ ಮಿಂಟ್‌ನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟು ಸರಿಮಾಡಿದೆ. ನುಡಿ ಫಾಂಟ್‌ಗಳನ್ನೂ ಹಾಕಿದೆ, ಈಗ ಹಳೇ ಪತ್ರಿಕೆಗಳನ್ನು ಅಲ್ಲೂ ತೆರೆದು ನೋಡಬಹುದು.

ಪ್ರಿಂಟರ್ ತಾನಾಗಿಯೇ ಸಿಕ್ಕಿತು. ಸ್ಕ್ಯಾನರ್ ಮಾತ್ರ ಮಿಂಟ್‌ನಲ್ಲಿ ಇನ್ನೂ ಹಟ ಹಿಡಿದಿದೆ. ಬರುವ ಭಾನುವಾರ ಅದನ್ನು ನೋಡಬೇಕು. ಊಟಕ್ಕೆ ಮನೆಗೇ ಬಾ ಅಂತ ಅಕ್ಕ ಹೇಳಿದ್ದಾಳೆ.