ದಿನಚರಿ: ಅರಳುವ ಮೊದಲು ಮುಗಿಯಬೇಕಾದ ಜಡೆ

2025ರ ಏಪ್ರಿಲ್ 12, ಶನಿವಾರ

ಮಲ್ಲಿಗೆ ಈಗ ತುಂಬು ಹಂಗಾಮಿನಲ್ಲಿದೆ. ಇವತ್ತು ಸಂಜೆ ಆರೂವರೆಯ ಆರತಕ್ಷತೆಗೆ ಒಂದು ಮೊಗ್ಗಿನ ಜಡೆ: ಪಟ್ಟಿಯ ಮೇಲೆ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ಹೊಲಿದು, ಹೆಣೆದ ಕೂದಲಿನ ಮೇಲೆ ಕಟ್ಟುವ ಅಲಂಕಾರ. ಬೆಳಗ್ಗೆ ಏಳಕ್ಕೆ ಸೂಜಿ ಹಿಡಿದದ್ದು, ಹನ್ನೆರಡೂವರೆಗೆ ಕುಚ್ಚು ಕಟ್ಟಿ ಮುಗಿಯಿತು.

ನಸುಕಿನಲ್ಲಿ ಕೊಯ್ದ ಮೊಗ್ಗು ಅಂದೇ ಸಂಜೆ ಅರಳುತ್ತದೆ. ಜಡೆಯ ಕೆಲಸವೆಲ್ಲ ಈ ಒಂದು ಹಗಲಿನ ಲೆಕ್ಕ. ದಪ್ಪಗೆ, ಪೂರ್ತಿ ಬೆಳ್ಳಗಾದ ಮೊಗ್ಗನ್ನೇ ಆರಿಸಬೇಕು. ಹಸಿರು ಛಾಯೆಯದ್ದು ಎಳೆಯದು. ಅರಳದೆ ಹಾಗೇ ಬಾಡುತ್ತದೆ, ಸಾಲಿನ ನಡುವೆ ಗುಂಡಿ ಬಿದ್ದಂತೆ ಕಾಣುತ್ತದೆ. ಎಲ್ಲವೂ ಒಂದೇ ಗಾತ್ರದವಾಗಿರಲಿ. ಆರಿಸುವುದಕ್ಕೇ ಅರ್ಧ ಗಂಟೆ ಬೇಕು. ಈ ಅರ್ಧ ಗಂಟೆ ಉಳಿಸಲು ಹೋದವರ ಜಡೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಲೆಕ್ಕ ಹೀಗೆ: ಒಂದೂವರೆ ಅಡಿ ಉದ್ದದ ಪಟ್ಟಿ, ಮೇಲೆ 3 ಅಂಗುಲ ಅಗಲ, ತುದಿಯಲ್ಲಿ ಒಂದೂವರೆ. ಮೇಲಿನ ಸಾಲಿಗೆ 11–12 ಮೊಗ್ಗು, ಕೆಳಗೆ 5–6, ಒಟ್ಟು ಸುಮಾರು 45 ಸಾಲು. 400 ಮೊಗ್ಗು ಹಿಡಿಯುತ್ತದೆ. ತೊಟ್ಟು ಮುರಿದದ್ದು, ಎಳೆಯದು ಕಳೆದರೂ ಸಾಲುವಂತೆ 500 ಇಟ್ಟುಕೊಳ್ಳಿ.

ಪಟ್ಟಿಗೆ ಬಾಳೆಪಟ್ಟೆಯೇ (ಬಾಳೆದಿಂಡಿನ ಸುತ್ತಲಿನ ಪದರ) ವಾಸಿ. ರಟ್ಟು ಮೊಗ್ಗಿನ ತೇವ ಹೀರಿ ಮೆತ್ತಗಾಗಿ ನಡುವೆ ಮಡಚಿಕೊಳ್ಳುತ್ತದೆ. ಬಾಳೆಪಟ್ಟೆಯಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆ, ತಂಪೂ ಇರುತ್ತದೆ. ಆದರೆ ಹಸಿ ಪಟ್ಟೆ ಬೇಡ, ಅದರ ಸೊನೆ ರೇಷ್ಮೆಗೆ ತಗುಲಿದರೆ ಆ ಕಲೆ ಹೋಗುವುದಿಲ್ಲ. ಹೊರಗಿನ ಒಣಗಿದ ಪಟ್ಟೆ ತೆಗೆದು, ನೀರು ಚಿಮುಕಿಸಿ ಬಗ್ಗುವಂತೆ ಮಾಡಿ, ಒರೆಸಿ, ಬೆನ್ನಿಗೆ ತೆಳು ಹತ್ತಿಬಟ್ಟೆ ಹೊಲಿಯಿರಿ.

ಹೊಲಿಗೆ ತುದಿಯಿಂದ ಶುರು, ಸೂರಿನಿಂದ ಮೇಲಕ್ಕೆ ಹಂಚು ಹೊದಿಸಿದ ಹಾಗೆ. ಮೊಗ್ಗಿನ ಮೂತಿ ಕೆಳಕ್ಕೆ. ಮೇಲಿನ ಸಾಲು ಕೆಳಗಿನ ಸಾಲಿನ ತೊಟ್ಟನ್ನೂ ದಾರವನ್ನೂ ಮುಚ್ಚುತ್ತಾ ಬರಬೇಕು. ಸೂಜಿ ತೊಟ್ಟಿನಲ್ಲೇ ಹಾಯಲಿ. ಬಿಳಿ ಭಾಗಕ್ಕೆ ಚುಚ್ಚಿದರೆ ಆ ಜಾಗ ಸಂಜೆಯೊಳಗೆ ಕಂದುತ್ತದೆ. ದಾರ ಬಿಗಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಅರಳುವಾಗ ಸಾಲು ಚದುರುತ್ತದೆ. ಅರಳಿದ ಹೂವಿಗೆ ಮೊಗ್ಗಿಗಿಂತ ಹೆಚ್ಚು ಜಾಗ ಬೇಕಲ್ಲ. ಹಾಗಾಗಿ ಮೊಗ್ಗುಗಳನ್ನು ಒತ್ತೊತ್ತಾಗಿ ತುರುಕದೆ ಪಕ್ಕಪಕ್ಕ ತಾಗುವಷ್ಟೇ ಕೂರಿಸಿ.

ನಡುವಿನ ಬಣ್ಣದ ಪಟ್ಟಿ ಬೇರೆಯೇ ಕಟ್ಟಿ ಕೊನೆಗೆ ಮೇಲೆ ಹೊಲಿಯುವುದು. ಕನಕಾಂಬರಕ್ಕೆ ಪರಿಮಳವಿಲ್ಲ, ಆದರೆ ಬೇಗ ಬಾಡುವುದಿಲ್ಲ; ಹಿಂದಿನ ರಾತ್ರಿಯೇ ಕಟ್ಟಿಡಬಹುದು. ಅಂಚಿಗೆ ಮರುಗ ಅಥವಾ ದವನ. ಈ ಪಟ್ಟಿಗೆ ದಾರಕ್ಕಿಂತ ಬಾಳೆನಾರು ಒಳ್ಳೆಯದು: ಹತ್ತು ನಿಮಿಷ ನೆನೆಸಿದ ನಾರು ಮೆದುವಾಗಿರುತ್ತದೆ, ತೊಟ್ಟು ಕೊಯ್ಯುವುದಿಲ್ಲ, ಗಂಟು ಜಾರುವುದಿಲ್ಲ. ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಇವತ್ತಿಗೂ ಬಾಳೆನಾರಿನಲ್ಲೇ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸೇವಂತಿಗೆ ಜಡೆಗೆ ಭಾರ, ಬೇಡ. ಮಲ್ಲಿಗೆ ಸಿಗದ ಚಳಿಗಾಲದಲ್ಲಿ ಕಾಕಡ, ಇಲ್ಲವೇ ಸುಗಂಧರಾಜದ ಮೊಗ್ಗು.

ಮುಗಿದ ಜಡೆಯ ಮೇಲೆ ನೀರು ಚಿಮುಕಿಸುವುದು ಎಲ್ಲರೂ ಮಾಡುವ ತಪ್ಪು. ಹನಿ ನಿಂತಲ್ಲಿ ಚುಕ್ಕೆ ಬೀಳುತ್ತದೆ. ಪ್ಲಾಸ್ಟಿಕ್ ಚೀಲವೂ ಬೇಡ, ಒಳಗೆ ಬೆವರುತ್ತದೆ. ಪಂಚೆಯ ತುಂಡನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಬಾಳೆಎಲೆಯ ಮೇಲೆ ಜಡೆಯಿಟ್ಟು ಹೊದಿಸಿ, ನೆರಳಲ್ಲಿ ಉದ್ದಕ್ಕೆ ಮಲಗಿಸಿ.

ಮುಡಿಸುವಾಗ ಕೂದಲಿಗೆ ಎಣ್ಣೆ ಬೇಡ, ಜಾರುತ್ತದೆ. ತೆಳು ಕೂದಲಿಗೆ ಚೌರಿ (ಸೇರಿಸಿ ಹೆಣೆಯುವ ಬೇರೆ ಕೂದಲು) ಸೇರಿಸಿ ಬಿಗಿಯಾಗಿ ಹೆಣೆಯಿರಿ. ಪಟ್ಟಿಯ ಭಾರವೆಲ್ಲ ಜಡೆಯ ಬುಡಕ್ಕೆ ಸುತ್ತಿ ಕಟ್ಟಿದ ಮೇಲಿನ ಗಂಟಿನ ಮೇಲಿರಲಿ. ಕೆಳಗೆ ನಾಲ್ಕು ಕಡೆ ಬರೀ ಹಿಡಿತದ ಗಂಟು. ಭಾರ ಪಿನ್ನುಗಳ ಮೇಲೆ ಬಿದ್ದರೆ ಗಂಟೆಯೊಳಗೆ ಕತ್ತಿನ ಹತ್ತಿರದ ಕೂದಲು ಜಗ್ಗಿ ತಲೆನೋವು. ಪುಟ್ಟ ಹುಡುಗಿಯರಿಗೆ ಇಷ್ಟು ಉದ್ದ ಬೇಡ, ಮುಕ್ಕಾಲು ಅಡಿ ಸಾಕು. ಬೆನ್ನ ಹಿಂದೆ ಕನ್ನಡಿಯಿಟ್ಟು ತೆಗೆಯುವ ಫೋಟೋಕ್ಕೆ ಅದೇ ಚೆಂದ.

ರಾತ್ರಿ ಬಿಚ್ಚುವಾಗ ಎಳೆಯಬೇಡಿ. ಐದೂ ಗಂಟುಗಳ ದಾರ ಕತ್ತರಿಸಿದರೆ ಪಟ್ಟಿ ತಾನೇ ಕೈಗೆ ಬರುತ್ತದೆ. ದಾರ, ಬಟ್ಟೆ ಬಿಡಿಸಿ, ಹೂವು ಮತ್ತು ಪಟ್ಟೆ ಮಲ್ಲಿಗೆ ಗಿಡದ ಬುಡಕ್ಕೇ ಗೊಬ್ಬರ.